ಹಳೆಯ ಭಾಷೆಯೊಂದನ್ನು ಕಲಿಯುವುದಾದರೆ ಯಾವುದು? ಫೋರ್ಟ್ರಾನ್, ಆಲ್ಗಾಲ್, ಲಿಸ್ಪ್, ಕೋಬಾಲ್ ನಡುವೆ ಒಂದು ಹೋಲಿಕೆ

ಹಳೆಯ ಪ್ರೋಗ್ರಾಮಿಂಗ್ ಭಾಷೆಯೊಂದನ್ನು ಕೂತು ಸರಿಯಾಗಿ ಕಲಿಯಬೇಕು ಅಂತ ಹಲವರಿಗೆ ಒಂದಲ್ಲ ಒಂದು ಸಲ ಅನ್ನಿಸುತ್ತದೆ. ಕೆಲವರಿಗೆ ಅದು ಆಸೆ. ಇನ್ನು ಕೆಲವರಿಗೆ ತಪ್ಪಿಸಿಕೊಳ್ಳಲಾಗದ ಕೆಲಸ. ಹಿಂದಿನವರು ಬರೆದಿಟ್ಟ ಕೋಡ್ ಕೈಗೆ ಬಂದಿರುತ್ತದೆ. ಅಥವಾ ‘ಒಂದು ಹಳೆಯ ಭಾಷೆ ತೆಗೆದುಕೊಂಡು ಅದರ ಗುಣದೋಷ ಬರೆಯಿರಿ’ ಅಂತ ಮೇಷ್ಟ್ರು ಹೇಳಿರುತ್ತಾರೆ. ಆಗ ಕಣ್ಣೆದುರು ಬರುವ ಹೆಸರುಗಳು ಹೆಚ್ಚುಕಡಿಮೆ ಈ ನಾಲ್ಕು: 1957ರಲ್ಲಿ ಐಬಿಎಂನಿಂದ ಬಂದ ಫೋರ್ಟ್ರಾನ್, 1958ರಲ್ಲಿ ಎಂಐಟಿಯಲ್ಲಿ ಶುರುವಾದ ಲಿಸ್ಪ್, 1959ರಲ್ಲಿ ಒಂದು ಸಮಿತಿ ರೂಪಿಸತೊಡಗಿದ ಕೋಬಾಲ್, ಮತ್ತು 1960ರಲ್ಲಿ ವರದಿಯ ರೂಪದಲ್ಲಿ ಹೊರಬಂದ ಆಲ್ಗಾಲ್ 60. ಒಂದರ ಹಿಂದೆ ಒಂದರಂತೆ ಹುಟ್ಟಿದ ಇವು ನಾಲ್ಕು ದಿಕ್ಕಿಗೆ ಮುಖ ಮಾಡಿವೆ.

ಯಾವುದನ್ನು ಆರಿಸಬೇಕು? ಅದಕ್ಕೆ ಮೊದಲು ಅಳತೆಗೋಲು ಸರಿಮಾಡಿಕೊಳ್ಳೋಣ.

ಅಳೆಯುವುದು ಹೇಗೆ

ಎರಡು ಸುಲಭದ ದಾರಿಗಳಿವೆ. ಎರಡೂ ಉಪಯೋಗಕ್ಕೆ ಬರುವುದಿಲ್ಲ. ಇವತ್ತಿನ ಭಾಷೆಗಳಲ್ಲಿ ಇರುವುದನ್ನೆಲ್ಲ ಪಟ್ಟಿ ಮಾಡಿ, ‘ಇದು ಇದೆಯಾ, ಅದು ಇದೆಯಾ’ ಅಂತ ಗುರುತು ಹಾಕುತ್ತಾ ಹೋಗಬಹುದು. ಆ ಪರೀಕ್ಷೆಯಲ್ಲಿ ನಾಲ್ಕೂ ಫೇಲು. ‘ಆ ಕಾಲಕ್ಕೆ ಅಷ್ಟು ಮಾಡಿದ್ದೇ ದೊಡ್ಡದು’ ಅಂತ ಬೆನ್ನು ತಟ್ಟಿಬಿಡಬಹುದು. ಆಗ ನಾಲ್ಕೂ ಪಾಸು. ಎರಡರಲ್ಲೂ ಆರಿಸಲು ಏನೂ ಉಳಿಯುವುದಿಲ್ಲ.

ನಾನು ಮೊದಲು ಕೇಳುವ ಪ್ರಶ್ನೆ ಇದು: ಬರೆಯುವವರ ಕೈ ತಪ್ಪಿದರೆ ಆ ತಪ್ಪು ಎಲ್ಲಿಗೆ ಹೋಗುತ್ತದೆ? ನಾವು ಬರೆದದ್ದನ್ನು ಯಂತ್ರದ ಆದೇಶಗಳಿಗೆ ಇಳಿಸುವ ಕಂಪೈಲರ್ ಅದನ್ನು ಬಾಗಿಲಲ್ಲೇ ಹಿಡಿಯಬಹುದು. ಪ್ರೋಗ್ರಾಮ್ ಓಡುತ್ತಾ ಅಲ್ಲಿಗೆ ಬಂದಾಗ ನಿಂತುಬಿಡಬಹುದು. ಇಲ್ಲವೇ ಎಲ್ಲ ಸುಸೂತ್ರವಾಗಿ ಮುಗಿದು, ತಪ್ಪು ಉತ್ತರ ನೀಟಾಗಿ ಅಚ್ಚಾಗಿ ಬರಬಹುದು. ಮೂರನೆಯದೇ ಎಲ್ಲಕ್ಕಿಂತ ದುಬಾರಿ, ಯಾಕೆಂದರೆ ತಪ್ಪಾಗಿದೆ ಅಂತಲೇ ಯಾರಿಗೂ ಗೊತ್ತಿರುವುದಿಲ್ಲ.

ಇದರ ಬೆನ್ನಿಗೆ ಇನ್ನೆರಡು ಪ್ರಶ್ನೆ. ನಾವು ಏನೂ ಹೇಳದೆ ಬಿಟ್ಟಾಗ ಭಾಷೆ ತಾನಾಗಿ ಏನು ಊಹಿಸಿಕೊಳ್ಳುತ್ತದೆ? ಮತ್ತು, ವಿನ್ಯಾಸದಲ್ಲಿ ಎಡವಟ್ಟಾಗಿದೆ ಅಂತ ಮುಂದೆ ಗೊತ್ತಾದರೆ ರಿಪೇರಿಗೆ ಜಾಗ ಉಳಿದಿದೆಯಾ? ವೇಗ, ಚೆಂದ, ಜನಪ್ರಿಯತೆ ಎಲ್ಲ ಆಮೇಲಿನ ಮಾತು.

ಫೋರ್ಟ್ರಾನ್: ವೇಗಕ್ಕೆ ಎಲ್ಲವನ್ನೂ ಒತ್ತೆಯಿಟ್ಟ ಭಾಷೆ

ಜಾನ್ ಬ್ಯಾಕಸ್ ಮತ್ತು ಅವರ ತಂಡಕ್ಕೆ ಭಾಷೆಯ ಚಿಂತೆ ಅಷ್ಟಾಗಿ ಇರಲಿಲ್ಲ. ಅವರ ತಲೆನೋವು ಕಂಪೈಲರ್. ಆಗಿನ ಪ್ರೋಗ್ರಾಮರ್‌ಗಳು ಯಂತ್ರದ ಆದೇಶಗಳನ್ನು ಕೈಯಾರೆ ಬರೆಯುತ್ತಿದ್ದರು. ಯಂತ್ರವೇ ಬರೆದ ಕೋಡ್ ತಮ್ಮಷ್ಟು ಚುರುಕಾಗಿ ಓಡುತ್ತದೆ ಅಂದರೆ ನಂಬುತ್ತಿರಲಿಲ್ಲ. ನಿಧಾನವಾದ ಕೋಡ್ ಕೊಟ್ಟರೆ ಮುಟ್ಟಿಯೂ ನೋಡುವುದಿಲ್ಲ ಅಂತ ಬ್ಯಾಕಸ್‌ಗೆ ಗೊತ್ತಿತ್ತು. ಹಾಗಾಗಿ ಐಬಿಎಂ 704 ಯಂತ್ರಕ್ಕೆ ಚುರುಕಾದ ಕೋಡ್ ಹೊರಡಿಸುವುದೇ ಇಡೀ ಯೋಜನೆಯ ಗುರಿಯಾಯಿತು. ಭಾಷೆಯನ್ನು ಹೋಗ್ತಾ ಹೋಗ್ತಾ ಕಟ್ಟಿಕೊಂಡೆವು ಅಂತ ಬ್ಯಾಕಸ್ ಅವರೇ ಆಮೇಲೆ ಹೇಳಿದ್ದಾರೆ.

ಅದು ಭಾಷೆಯ ಮೈಮೇಲೆ ಕಾಣುತ್ತದೆ. ಸಾಲುಗಳು ಪಂಚ್ ಕಾರ್ಡಿನ ಅಳತೆಗೆ ಕೂತಿವೆ: 1ರಿಂದ 5ನೇ ಕಾಲಂವರೆಗೆ ಸಾಲಿನ ಗುರುತು, 6ರಲ್ಲಿ ‘ಹಿಂದಿನ ಸಾಲಿನ ಮುಂದುವರಿಕೆ’ ಅನ್ನುವ ಚಿಹ್ನೆ, 7ರಿಂದ 72ರವರೆಗೆ ಆದೇಶ. 73ರಿಂದ ಆಚೆಗೆ ಬರೆದದ್ದನ್ನು ಕಂಪೈಲರ್ ನೋಡುವುದೇ ಇಲ್ಲ. ಸಾಲು ಉದ್ದವಾಗಿ ಬಾಲ 72 ದಾಟಿದರೆ, ಆ ಬಾಲ ಸುಮ್ನೆ ಮಾಯ. ಉಳಿದ ಭಾಗಕ್ಕೆ ಅರ್ಥ ಇದ್ದರೆ ಅದೇ ಓಡುತ್ತದೆ.

ಇನ್ನು ಎರಡು ನಿಯಮ ನೋಡಿ. ಬಿಡಿಬಿಡಿಯಾಗಿ ನೋಡಿದರೆ ಎರಡೂ ಮುಗ್ಧ. ಮೊದಲನೆಯದು, ಖಾಲಿ ಜಾಗಕ್ಕೆ ಬೆಲೆಯಿಲ್ಲ. ಪದಗಳ ನಡುವೆ ಬಿಡಿ, ಬಿಡದಿರಿ, ಕಂಪೈಲರ್‌ಗೆ ಒಂದೇ. ಎರಡನೆಯದು, ವೇರಿಯಬಲ್ (ಬೆಲೆಯೊಂದನ್ನು ಇಟ್ಟುಕೊಳ್ಳುವ ಹೆಸರು) ಯಾವ ಬಗೆಯದು ಅಂತ ಮೊದಲೇ ಹೇಳಬೇಕಿಲ್ಲ. ಹೆಸರು ಐ ಅಕ್ಷರದಿಂದ ಎನ್ ಅಕ್ಷರದವರೆಗಿನ ಯಾವುದರಿಂದ ಶುರುವಾದರೂ ಪೂರ್ಣಾಂಕ, ಉಳಿದವೆಲ್ಲ ದಶಮಾಂಶದ ಸಂಖ್ಯೆ. ಗಣಿತ ಬರೆಯುವವರಿಗೆ ಐ, ಜೆ, ಕೆ ಅಂದರೆ ಎಣಿಕೆ ಅಂತ ರೂಢಿ ಇದ್ದೇ ಇತ್ತು. ಅನುಕೂಲವೇ ಆಯಿತು, ಅಲ್ವಾ?

ಈಗ ಎರಡನ್ನೂ ಒಟ್ಟಿಗೆ ಇಡಿ. ಹತ್ತು ಸಲ ಸುತ್ತುವ ಲೂಪ್ ಹೀಗಿರುತ್ತದೆ (‘ಡೂ’ ಪಕ್ಕದ 10 ಲೂಪ್ ಮುಗಿಯುವ ಸಾಲಿನ ಗುರುತು):

ಡೂ 10 ಐ = 1, 10

ಇದರಲ್ಲಿ ಕಾಮಾ ಇರಬೇಕಾದ ಕಡೆ ಚುಕ್ಕೆ ಬಿದ್ದರೆ:

ಡೂ 10 ಐ = 1.10

ಖಾಲಿ ಜಾಗಕ್ಕೆ ಬೆಲೆಯಿಲ್ಲವಲ್ಲ, ಹಾಗಾಗಿ ಕಂಪೈಲರ್ ಇದನ್ನು ‘ಡೂ10ಐ’ ಅನ್ನುವ ಒಂದೇ ಹೆಸರಾಗಿ ಓದುತ್ತದೆ. ಆ ಹೆಸರಿನ ವೇರಿಯಬಲ್ ಇದೆಯಾ? ಮೊದಲೇ ಹೇಳಬೇಕಿಲ್ಲವಲ್ಲ, ಹಾಗಾಗಿ ಈಗ ಹುಟ್ಟುತ್ತದೆ. ಅದಕ್ಕೆ 1.10 ಬೆಲೆ ಸಿಗುತ್ತದೆ. ಲೂಪ್ ಇಲ್ಲ. ಒಳಗಿನ ಕೆಲಸ ಒಂದೇ ಸಲ ನಡೆಯುತ್ತದೆ. ದೂರು ಹೇಳುವವರು ಯಾರೂ ಇಲ್ಲ.

1962ರಲ್ಲಿ ಮ್ಯಾರಿನರ್ 1 ನೌಕೆ ಹಾಳಾಗಿದ್ದು ಈ ಚುಕ್ಕೆಯಿಂದಲೇ ಅಂತ ಒಂದು ಕಥೆ ತಿರುಗಾಡುತ್ತಿರುತ್ತದೆ. ಅದನ್ನು ನಿಮ್ಮ ಬರಹದಲ್ಲಿ ಸೇರಿಸಬೇಡಿ. ಅಲ್ಲಿ ಬಿಟ್ಟುಹೋಗಿದ್ದು ಮಾರ್ಗದರ್ಶನದ ಸಮೀಕರಣದಲ್ಲಿನ ಒಂದು ಗೆರೆ. ಈ ಬಗೆಯ ಡೂ ಸಾಲು ಕಂಡಿದ್ದು ನಾಸಾದ ಮರ್ಕ್ಯುರಿ ಕಾಲದ ಒಂದು ಪ್ರೋಗ್ರಾಮಿನಲ್ಲಿ, ಅದೂ ಅನಾಹುತ ಆಗುವ ಮೊದಲೇ ಸಿಕ್ಕಿಬಿತ್ತು. ರಾಕೆಟ್ ಬೀಳಿಸದಿದ್ದರೂ ಉದಾಹರಣೆಯ ತೂಕ ಕಡಿಮೆಯಾಗುವುದಿಲ್ಲ. ಇದರಿಂದ ಗೊತ್ತಾಗುವುದು ಬಿಡಿ ನಿಯಮದ ದೋಷವಲ್ಲ, ಎರಡು ನಿಯಮ ಕೂಡಿದಾಗ ಹುಟ್ಟುವ ದೋಷ. ಗುಣದೋಷ ಬರೆಯುವವರು ಒಂದೊಂದೇ ವೈಶಿಷ್ಟ್ಯ ಹಿಡಿದು ಅಂಕ ಕೊಡುತ್ತಾ ಹೋದರೆ ಇಂಥದ್ದು ಕಣ್ಣಿಗೇ ಬೀಳುವುದಿಲ್ಲ.

ಇದೇ ಜಾತಿಯ ಇನ್ನೊಂದು. ಹೆಸರಿಟ್ಟು ಬೇಕಾದಾಗ ಕರೆಯುವ ತುಂಡು ಕೋಡಿಗೆ ಸಬ್‌ರುಟೀನ್ ಅನ್ನುತ್ತಾರೆ. ಸಬ್‌ರುಟೀನಿಗೆ ಬೆಲೆಯ ಬದಲು, ಅದು ಮೆಮೊರಿಯಲ್ಲಿ ಕೂತ ಜಾಗದ ವಿಳಾಸ ಹೋಗುತ್ತಿತ್ತು. 2 ಅನ್ನುವ ಅಂಕೆಯನ್ನೇ ಕೊಟ್ಟು, ಒಳಗೆ ಅದಕ್ಕೆ ಒಂದು ಕೂಡಿಸಿದರೆ, ಕೆಲವು ಹಳೆಯ ಕಂಪೈಲರ್‌ಗಳಲ್ಲಿ ಆಮೇಲೆ ಪ್ರೋಗ್ರಾಮಿನ ಉದ್ದಕ್ಕೂ 2 ಅಂತ ಬರೆದ ಕಡೆಯೆಲ್ಲ 3 ಬರುತ್ತಿತ್ತು! ತಮಾಷೆ ಅನ್ನಿಸಬಹುದು. ಹುಡುಕಲು ಕೂತವರಿಗೆ ತಮಾಷೆಯಲ್ಲ.

ಹಾಗಂತ ಫೋರ್ಟ್ರಾನನ್ನು ತಳ್ಳಿಹಾಕುವಂತಿಲ್ಲ. ಅದರ ಬಲ ಇರುವುದೂ ಅದೇ ಬಿಗಿಯಾದ ಚೌಕಟ್ಟಿನಲ್ಲಿ. ಹಳೆಯ ಫೋರ್ಟ್ರಾನಿನಲ್ಲಿ ಪ್ರತಿ ವೇರಿಯಬಲ್ಲಿಗೂ ಮೆಮೊರಿಯಲ್ಲಿ ಕಾಯಂ ಜಾಗ ಇರಬಹುದಿತ್ತು. ಆದ್ದರಿಂದ ಒಂದು ಸಬ್‌ರುಟೀನ್ ತನ್ನನ್ನೇ ಕರೆದುಕೊಳ್ಳುವಂತಿರಲಿಲ್ಲ. ಆದರೆ ಎಷ್ಟು ಮೆಮೊರಿ ಬೇಕು ಅಂತ ಓಡಿಸುವ ಮೊದಲೇ ಗೊತ್ತಿರುತ್ತಿತ್ತು. ಜಾಗ ಸಾಲದೆ ಅರ್ಧ ದಾರಿಯಲ್ಲಿ ಕೈಕೊಡುವ ಭಯವಿಲ್ಲ. ಸಬ್‌ರುಟೀನಿಗೆ ಕೊಟ್ಟ ಎರಡು ಅರೇಗಳಲ್ಲಿ (ಸಾಲಾಗಿ ಜೋಡಿಸಿಟ್ಟ ಬೆಲೆಗಳ ಪಟ್ಟಿಗಳಲ್ಲಿ) ಒಂದನ್ನು ಬದಲಿಸುವುದಾದರೆ, ಅವೆರಡೂ ಒಂದೇ ಜಾಗದ ಮೇಲೆ ಕೂತಿರಬಾರದು ಅನ್ನುವ ನಿಯಮವೂ ಬಂತು. ಅದನ್ನು ನಂಬಿಕೊಂಡು ಕಂಪೈಲರ್ ಲೆಕ್ಕದ ಕ್ರಮವನ್ನು ಧೈರ್ಯವಾಗಿ ಹಿಂದುಮುಂದು ಮಾಡುತ್ತದೆ. ಸಿ ಭಾಷೆಗೆ ಇಂಥ ಭರವಸೆ ಕೊಡಲು ‘ರಿಸ್ಟ್ರಿಕ್ಟ್’ ಅನ್ನುವ ಪದ ಸೇರಿದ್ದು 1999ರ ಮಾನಕದಲ್ಲಿ. ದೊಡ್ಡ ದೊಡ್ಡ ಮ್ಯಾಟ್ರಿಕ್ಸ್ ಲೆಕ್ಕಗಳ ಲೈಬ್ರರಿ ಲ್ಯಾಪ್ಯಾಕ್ ಇವತ್ತಿಗೂ ಫೋರ್ಟ್ರಾನಿನಲ್ಲೇ ಇದೆ. ಹಳೇ ಕೋಡಿನ ಮೇಲಿನ ಪ್ರೀತಿಯೊಂದರಿಂದ ಅದು ಉಳಿದಿಲ್ಲ.

ರಿಪೇರಿ ಹೇಗಾಯಿತು? ನಿಧಾನವಾಗಿ, ಆದರೆ ಪ್ರಾಮಾಣಿಕವಾಗಿ. ಸಬ್‌ರುಟೀನ್ ಬಂದಿದ್ದು 1958ರ ಎರಡನೇ ಆವೃತ್ತಿಯಲ್ಲಿ. ಇಫ್-ದೆನ್-ಎಲ್ಸ್ ಕಟ್ಟು ಮಾನಕಕ್ಕೆ ಸೇರಿದ್ದು ಫೋರ್ಟ್ರಾನ್ 77ರಲ್ಲಿ. ಕಾರ್ಡಿನ ಕಾಲಂಗಳಿಂದ ಬಿಡುಗಡೆ, ಮಾನಕದ ಒಪ್ಪಿಗೆ ಪಡೆದ ರಿಕರ್ಷನ್ (ತನ್ನನ್ನೇ ಕರೆದುಕೊಳ್ಳುವುದು), ಬಗೆ ಹೇಳದ ವೇರಿಯಬಲ್ಲನ್ನು ಊಹಿಸಿಕೊಳ್ಳಬೇಡ ಅನ್ನುವ ‘ಇಂಪ್ಲಿಸಿಟ್ ನನ್’ ಎಲ್ಲ ಬಂದಿದ್ದು ಫೋರ್ಟ್ರಾನ್ 90ರಲ್ಲಿ. ಆದರೆ ಆ ‘ಇಂಪ್ಲಿಸಿಟ್ ನನ್’ ಅನ್ನು ಇವತ್ತಿಗೂ ನಾವೇ ಕೈಯಾರೆ ಬರೆಯಬೇಕು. ಹಳೆಯ ಕೋಡ್ ಮುರಿಯಬಾರದು ಅನ್ನುವ ಹಂಗಿನಿಂದಾಗಿ, 1957ರ ಊಹೆ ಇನ್ನೂ ಮಾನಕದಲ್ಲಿ ಕೂತಿದೆ.

ಆಲ್ಗಾಲ್ 60: ಓದಲು ಚಿನ್ನ, ಓಡಿಸಲು ಪರದಾಟ

ಆಲ್ಗಾಲ್ ಒಂದು ಕಂಪನಿಯ ಕೂಸಲ್ಲ. 1960ರ ಜನವರಿಯಲ್ಲಿ ಪ್ಯಾರಿಸ್‌ನಲ್ಲಿ 13 ಜನ ಕೂತು ಒಪ್ಪಿಕೊಂಡ ಭಾಷೆ. ವರದಿಯನ್ನು ತಿದ್ದಿ ಬರೆದವರು ಪೀಟರ್ ನೌರ್. ಆ ವರದಿ ಕೆಲವೇ ಪುಟಗಳದ್ದು. ವ್ಯಾಕರಣವನ್ನು ಬ್ಯಾಕಸ್ ಹೊಸೆದ ಸೂತ್ರಗಳಲ್ಲಿ ಬರೆದಿದ್ದಾರೆ. ಹೌದು, ಅದೇ ಫೋರ್ಟ್ರಾನ್ ಬ್ಯಾಕಸ್. ಸೂತ್ರದಲ್ಲಿ ಬರೆದಿದ್ದರಿಂದ, ಯಾವ ಸಾಲು ಭಾಷೆಗೆ ಸೇರಿದ್ದು, ಯಾವುದು ಸೇರದ್ದು ಅನ್ನುವ ಜಗಳವನ್ನು ಕಾಗದದ ಮೇಲೇ ಬಗೆಹರಿಸಬಹುದಿತ್ತು. ಅಲ್ಲಿಯವರೆಗೆ ಆ ಜಗಳಕ್ಕೆ ತೀರ್ಪು ಹೇಳುತ್ತಿದ್ದುದು ಕಂಪೈಲರ್.

ನನ್ನ ಮೂರು ಪ್ರಶ್ನೆಗಳ ಪೈಕಿ ಮೊದಲನೆಯದರಲ್ಲಿ ಆಲ್ಗಾಲ್ ಉಳಿದ ಮೂರನ್ನೂ ಹಿಂದೆ ಹಾಕುತ್ತದೆ. ವೇರಿಯಬಲ್ ಬಳಸುವ ಮೊದಲು ಅದರ ಬಗೆ ಹೇಳಲೇಬೇಕು. ಹೆಸರಿನಲ್ಲಿ ಒಂದಕ್ಷರ ತಪ್ಪಿದರೆ ಕಂಪೈಲರ್ ಹಿಡಿಯುತ್ತದೆ. ‘ಬಿಗಿನ್’ ಮತ್ತು ‘ಎಂಡ್’ ನಡುವೆ ಹುಟ್ಟಿದ ಹೆಸರು ಅಲ್ಲೇ ಸಾಯುತ್ತದೆ, ಹೊರಗಿನ ಅದೇ ಹೆಸರಿಗೆ ಧಕ್ಕೆ ಬರುವುದಿಲ್ಲ. ಒಂದು ಹೆಸರು ಯಾವ ವೇರಿಯಬಲ್ಲನ್ನು ಸೂಚಿಸುತ್ತದೆ ಅಂತ ತಿಳಿಯಲು ಪಠ್ಯ ನೋಡಿದರೆ ಸಾಕು. ಇವತ್ತು ಇದೆಲ್ಲ ಗಾಳಿ ನೀರಿನಷ್ಟು ಸಹಜವಾಗಿ ಕಾಣುತ್ತದೆ. ಆದರೆ ಪಾಸ್ಕಲ್, ಸಿ, ಜಾವಾ ಎಲ್ಲವೂ ಈ ಕಟ್ಟಿನ ಋಣದಲ್ಲಿವೆ. ರಿಕರ್ಷನ್‌ಗೂ ಇಲ್ಲಿ ಅಡ್ಡಿಯಿಲ್ಲ. ವರದಿ ಬಂದ ವರ್ಷವೇ ಡೈಕ್‌ಸ್ಟ್ರಾ ಮತ್ತು ಝೋನ್‌ವೆಲ್ಡ್ ಇದಕ್ಕೊಂದು ಕಂಪೈಲರ್ ಬರೆದು ಓಡಿಸಿದರು.

ಹಾಗಾದರೆ ಎಡವಿದ್ದೆಲ್ಲಿ? ಎರಡನೇ ಪ್ರಶ್ನೆಯಲ್ಲಿ.

ಪ್ರೊಸೀಜರಿಗೆ (ಸಬ್‌ರುಟೀನಿಗೆ ಆಲ್ಗಾಲಿನ ಹೆಸರು) ಒಂದು ಆರ್ಗ್ಯುಮೆಂಟ್, ಅಂದರೆ ಅದು ಕೆಲಸ ಮಾಡಬೇಕಾದ ವಸ್ತು, ಕೊಟ್ಟಾಗ, ‘ವ್ಯಾಲ್ಯೂ’ ಅಂತ ನೀವು ಬರೆಯದಿದ್ದರೆ, ಆಲ್ಗಾಲ್ ಅದನ್ನು ಹೆಸರಿನ ಮೂಲಕ ಒಯ್ಯುತ್ತದೆ. ಅಂದರೆ ಕೊಟ್ಟ ಬರಹವನ್ನೇ ಒಳಗೆ ಅಂಟಿಸಿದ ಹಾಗೆ, ಪ್ರತಿ ಸಲ ಬಳಸಿದಾಗಲೂ ಹೊಸದಾಗಿ ಲೆಕ್ಕ ಹಾಕುತ್ತದೆ. ಒಂದು ಸಣ್ಣ ಪ್ರೊಸೀಜರ್ ತೆಗೆದುಕೊಳ್ಳಿ. ಎರಡು ವೇರಿಯಬಲ್‌ಗಳ ಬೆಲೆ ಅದಲುಬದಲು ಮಾಡಬೇಕು:

ಟಿ := ಎ; ಎ := ಬಿ; ಬಿ := ಟಿ

ಇದಕ್ಕಿಂತ ಸರಳವಾದ ಕೋಡ್ ಇದೆಯೇ? ಈಗ ಇದನ್ನು ‘ಐ’ ಮತ್ತು ‘ಪಟ್ಟಿ[ಐ]’ ಮೇಲೆ ಕರೆಯಿರಿ. ಐ ಬೆಲೆ 1, ಪಟ್ಟಿ[1]ರ ಬೆಲೆ 3 ಅಂದುಕೊಳ್ಳಿ. ಮೊದಲ ಹೆಜ್ಜೆಯಲ್ಲಿ ಟಿ 1 ಆಗುತ್ತದೆ. ಎರಡನೆಯದರಲ್ಲಿ ಐ 3 ಆಗುತ್ತದೆ. ಮೂರನೇ ಹೆಜ್ಜೆಯಲ್ಲಿ ‘ಪಟ್ಟಿ[ಐ]’ಗೆ 1 ಹೋಗಬೇಕು. ಆದರೆ ಅಷ್ಟರಲ್ಲಿ ಐ ಬದಲಾಗಿದೆ! ಆ 1 ಪಟ್ಟಿ[3]ಕ್ಕೆ ಹೋಗಿ ಕೂರುತ್ತದೆ. ಪಟ್ಟಿ[1] ಇದ್ದ ಹಾಗೇ ಇರುತ್ತದೆ. ಸಂಬಂಧವೇ ಇಲ್ಲದ ಮೂರನೇ ಮನೆ ಹಾಳಾಗುತ್ತದೆ. ಆರ್ಗ್ಯುಮೆಂಟ್‌ಗಳ ಕ್ರಮ ತಿರುಗಿಸಿ, ಮೊದಲು ಪಟ್ಟಿ[ಐ], ಆಮೇಲೆ ಐ ಕೊಟ್ಟು ನೋಡಿ. ಉತ್ತರ ಸರಿಯಾಗಿ ಬರುತ್ತದೆ. ಅದಲುಬದಲು ಮಾಡುವ ಪ್ರೊಸೀಜರಿನಲ್ಲಿ ಯಾವುದು ಮೊದಲು ಅನ್ನುವುದು ಮುಖ್ಯವಾಗುವುದೇ ವಿಚಿತ್ರ. ಇಲ್ಲೂ ತಪ್ಪು ಹೋಗಿದ್ದು ಮೂರನೇ ದಾರಿಯಲ್ಲೇ, ಸದ್ದಿಲ್ಲದೆ.

ಇದೇ ಸೌಲಭ್ಯಕ್ಕೆ ಒಂದು ಸೊಗಸಾದ ಮುಖವೂ ಇದೆ. ನೌರ್ ಜೊತೆ ಕೆಲಸ ಮಾಡುತ್ತಿದ್ದ ಯೋರ್ನ್ ಯೆನ್ಸನ್ ಹೆಸರಿನಲ್ಲಿ ಒಂದು ಉಪಾಯ ಪ್ರಸಿದ್ಧ. ಮೊತ್ತ ಕೂಡಿಸುವ ಒಂದೇ ಪ್ರೊಸೀಜರ್ ಬರೆದಿಟ್ಟು, ಅದಕ್ಕೆ ಎಣಿಕೆಯ ವೇರಿಯಬಲ್ಲನ್ನೂ ಅದನ್ನು ಬಳಸುವ ಸೂತ್ರವನ್ನೂ ಕೊಟ್ಟರೆ ಆಯಿತು. ವರ್ಗಗಳ ಮೊತ್ತವೋ, ಎರಡು ಅರೇಗಳ ಗುಣಲಬ್ಧದ ಮೊತ್ತವೋ, ಎಲ್ಲ ಅದೇ ಮಾಡಿಕೊಡುತ್ತದೆ. ಫಂಕ್ಷನ್ನನ್ನೇ ಆರ್ಗ್ಯುಮೆಂಟಾಗಿ ಕೊಡುವ ಇವತ್ತಿನ ಅಭ್ಯಾಸದ ಹತ್ತಿರದ ನೆಂಟ ಇದು. ಹಾಗಾಗಿ ‘ಹೆಸರಿನ ಮೂಲಕ ಒಯ್ಯುವುದು ಕೆಟ್ಟ ವಿನ್ಯಾಸ’ ಅಂತ ಬರೆದು ಮುಗಿಸಬೇಡಿ. ಸೌಲಭ್ಯ ಇಟ್ಟಿದ್ದು ತಪ್ಪಲ್ಲ. ಕೇಳದವರಿಗೂ ಅದನ್ನೇ ಬಡಿಸಿದ್ದು ತಪ್ಪು. ನಿಧಾನವಾದ, ಅಪಾಯದ, ಅಪರೂಪಕ್ಕೆ ಬೇಕಾಗುವ ದಾರಿ ತಾನಾಗಿ ಬರುತ್ತದೆ. ದಿನಾ ಬೇಕಾಗುವ ಸುರಕ್ಷಿತ ದಾರಿಗೆ ಒಂದು ಪದ ಜಾಸ್ತಿ ಬರೆಯಬೇಕು. ಇದು ತಲೆಕೆಳಗು.

ಇನ್ನೊಂದು ದೊಡ್ಡ ಕೊರತೆ: ಭಾಷೆಯೊಳಗೆ ಇನ್‌ಪುಟ್, ಔಟ್‌ಪುಟ್ ಇರಲಿಲ್ಲ. ಒಂದು ಸಂಖ್ಯೆ ಓದಿಸುವುದು, ಅಚ್ಚು ಹಾಕಿಸುವುದು ಹೇಗೆ ಅಂತ 1960ರ ವರದಿ ಹೇಳುವುದಿಲ್ಲ. ಅದು ಆಯಾ ಯಂತ್ರದವರ ಪಾಲಿಗೆ ಬಿಟ್ಟಿದ್ದು. ಅವರು ತಮತಮಗೆ ತೋಚಿದ ಹಾಗೆ ಸೇರಿಸಿಕೊಂಡರು. ಎಲ್ಲ ಯಂತ್ರಗಳಿಗೂ ಒಂದೇ ಭಾಷೆ ಅಂತ ಹೊರಟ ಆಲ್ಗಾಲಿನ ಪ್ರೋಗ್ರಾಮನ್ನು, ಅದರ ಉತ್ತರ ಅಚ್ಚು ಹಾಕುವ ಸಾಲಿನಿಂದಾಗಿಯೇ ಬೇರೆ ಯಂತ್ರಕ್ಕೆ ಒಯ್ಯಲು ಆಗುತ್ತಿರಲಿಲ್ಲ.

ಆಲ್ಗಾಲ್ ತನ್ನ ಹಿಂದಿನವಕ್ಕಿಂತ ಮಾತ್ರವಲ್ಲ, ಅದರ ನಂತರ ಬಂದ ಬಹುಪಾಲು ಭಾಷೆಗಳಿಗಿಂತಲೂ ಮೇಲು ಅನ್ನುವ ಅರ್ಥದ ಮಾತನ್ನು ಕಂಪ್ಯೂಟರ್ ವಿಜ್ಞಾನಿ ಟೋನಿ ಹೋರ್ ಹೇಳಿದ್ದಾರೆ. ಓದುವವರ ಮಟ್ಟಿಗೆ ನಾನು ಒಪ್ಪುತ್ತೇನೆ. ಬಳಸುವವರ ಮಟ್ಟಿಗೆ, ಆ ಅಚ್ಚು ಹಾಕುವ ಸಾಲು ಇಲ್ಲದಿದ್ದಕ್ಕೆ ಹೆಚ್ಚು ಅಂಕ ಕಳೆಯುತ್ತೇನೆ.

ಲಿಸ್ಪ್: ತಪ್ಪು ಓಡುವಾಗ ಸಿಗುತ್ತದೆ, ಆದರೆ ರಿಪೇರಿ ಸುಲಭ

ಜಾನ್ ಮೆಕಾರ್ಥಿ ಲಿಸ್ಪ್ ಬಗ್ಗೆ ಬರೆದ 1960ರ ಪ್ರಬಂಧದಲ್ಲಿ ‘ಇವ್ಯಾಲ್’ ಅನ್ನುವ ಫಂಕ್ಷನ್ ಇತ್ತು. ಲಿಸ್ಪ್ ಪ್ರೋಗ್ರಾಮನ್ನು ಓದಿ ಅರ್ಥೈಸುವ ಲಿಸ್ಪ್ ಫಂಕ್ಷನ್. ಅವರ ಪಾಲಿಗೆ ಅದು ಸಿದ್ಧಾಂತ. ಅವರ ಜೊತೆಗಿದ್ದ ಸ್ಟೀವ್ ರಸೆಲ್ ಅದನ್ನು ಐಬಿಎಂ 704ರ ಆದೇಶಗಳಿಗೆ ಕೈಯಾರೆ ಇಳಿಸಿಬಿಟ್ಟರು. ಹಾಗೆ ಒಂದು ಇಂಟರ್‌ಪ್ರಿಟರ್ ಹುಟ್ಟಿಕೊಂಡಿತು. ಬೇಡವಾದ ಮೆಮೊರಿಯನ್ನು ಭಾಷೆಯೇ ಗುಡಿಸಿ ಹಾಕುವ ಗಾರ್ಬೇಜ್ ಕಲೆಕ್ಷನ್ ಕೂಡ ಮೊದಲು ಬಂದಿದ್ದು ಇಲ್ಲೇ.

ಲಿಸ್ಪಿನಲ್ಲಿ ವೇರಿಯಬಲ್ಲಿನ ಬಗೆ ಹೇಳಬೇಕಿಲ್ಲ, ಯಾಕೆಂದರೆ ಬಗೆ ಬೆಲೆಯ ಜೊತೆಗೇ ಇರುತ್ತದೆ. ಹೆಸರು ತಪ್ಪಾಗಿ ಬರೆದರೆ ಕಂಪೈಲರ್ ಹಿಡಿಯುತ್ತದೆ ಅನ್ನುವ ಭರವಸೆ ಇಲ್ಲ. ಆ ಸಾಲಿಗೆ ಬಂದಾಗ ‘ಈ ಹೆಸರಿಗೆ ಬೆಲೆಯಿಲ್ಲ’ ಅಂತ ನಿಲ್ಲುತ್ತದೆ. ಎರಡನೇ ದಾರಿ. ಫೋರ್ಟ್ರಾನಿನ ಹಾಗೆ ಇಲ್ಲದ ವೇರಿಯಬಲ್ಲನ್ನು ಹುಟ್ಟಿಸಿಕೊಂಡು ಮುಂದೆ ಹೋಗುವುದಕ್ಕಿಂತ ಇದು ಎಷ್ಟೋ ಮೇಲು. ಆದರೆ ಆ ಸಾಲು ಅಪರೂಪಕ್ಕೆ ಓಡುವಂಥದ್ದಾದರೆ ತಪ್ಪು ಬಹಳ ಕಾಲ ಅಡಗಿ ಕೂರಬಹುದು.

ಹಳೆಯ ಲಿಸ್ಪಿನ ನಿಜವಾದ ಗುಂಡಿ ಇರುವುದು ಸ್ಕೋಪಿನಲ್ಲಿ, ಅಂದರೆ ಒಂದು ಹೆಸರು ಎಲ್ಲೆಲ್ಲಿ ಸಲ್ಲುತ್ತದೆ ಅನ್ನುವುದರಲ್ಲಿ. ಫಂಕ್ಷನ್ ಒಂದು ಹೊರಗಿನ ‘ದರ’ ಅನ್ನುವ ವೇರಿಯಬಲ್ ಬಳಸುತ್ತದೆ ಅನ್ನಿ. ಹೊರಗೆ ದರ 5 ಇದೆ. ಇದನ್ನು ಕರೆಯುವ ಇನ್ನೊಂದು ಫಂಕ್ಷನ್ ತನ್ನ ಸ್ವಂತದ ಬೇರೆ ಯಾವುದೋ ಕೆಲಸಕ್ಕೆ ‘ದರ’ ಅಂತ ಇಟ್ಟುಕೊಂಡು ಅದಕ್ಕೆ 12 ಕೊಟ್ಟಿದೆ. ಹಳೆಯ ಲಿಸ್ಪಿನಲ್ಲಿ ಒಳಗಿನ ಫಂಕ್ಷನ್ 12 ಎತ್ತಿಕೊಳ್ಳುತ್ತದೆ. ಯಾರು ಕರೆದರೋ ಅವರ ಹೆಸರುಗಳು ಮೈಮೇಲೆ ಬರುತ್ತವೆ. ಆಲ್ಗಾಲಿನಲ್ಲಿ ಪಠ್ಯ ಓದಿದರೆ ಗೊತ್ತಾಗುತ್ತಿದ್ದದ್ದು ಇಲ್ಲಿ ಓಡಿಸಿದರೆ ಮಾತ್ರ ಗೊತ್ತು. ಇದು ಮೊದಲು ಗಮನಕ್ಕೆ ಬಂದಾಗ ಬರೀ ಒಂದು ಬಗ್ ಅಂದುಕೊಂಡಿದ್ದಾಗಿ ಮೆಕಾರ್ಥಿ ಆಮೇಲೆ ಬರೆದುಕೊಂಡಿದ್ದಾರೆ.

ಮೂರನೇ ಪ್ರಶ್ನೆಯಲ್ಲಿ ಮಾತ್ರ ಲಿಸ್ಪನ್ನು ಮೀರಿಸುವುದು ಕಷ್ಟ. ಪ್ರೋಗ್ರಾಮ್ ಕೂಡ ಪಟ್ಟಿ, ದತ್ತಾಂಶವೂ ಪಟ್ಟಿ. ಹಾಗಾಗಿ ಹೊಸ ಕಟ್ಟು ಬೇಕಾದರೆ ಸಮಿತಿಯ ಬಾಗಿಲು ಕಾಯಬೇಕಿಲ್ಲ, ಕೋಡನ್ನೇ ಹುಟ್ಟಿಸುವ ಮ್ಯಾಕ್ರೋ ಬರೆದರೆ ಸಾಕು. 1975ರಲ್ಲಿ ಸಸ್‌ಮನ್ ಮತ್ತು ಸ್ಟೀಲ್ ಸೇರಿ ಸ್ಕೀಮ್ ಮಾಡಿದಾಗ ಆಲ್ಗಾಲಿನ ಸ್ಕೋಪನ್ನು ಲಿಸ್ಪಿನ ಬ್ರಾಕೆಟ್ಟುಗಳೊಳಗೆ ತಂದು ಕೂರಿಸಿದರು. ಬರೆಯುವ ರೀತಿ ಬದಲಾಗಲಿಲ್ಲ, ಗುಂಡಿ ಮುಚ್ಚಿತು. ಎಲ್ಲ ಕಡೆಯೂ ಅಷ್ಟು ಬೇಗ ಆಗಲಿಲ್ಲ ಅನ್ನಿ. ಇಮ್ಯಾಕ್ಸ್ ಎಡಿಟರ್ ಒಳಗಿನ ಲಿಸ್ಪಿಗೆ ಅದೇ ಸೌಕರ್ಯ ಸಿಕ್ಕಿದ್ದು 2012ರಲ್ಲಿ.

ಬ್ರಾಕೆಟ್ ಜಾಸ್ತಿ ಅನ್ನುವ ದೂರಿಗೆ ನಾನು ಅಂಕ ಕಳೆಯುವುದಿಲ್ಲ. ಕಣ್ಣು ಒಗ್ಗಿಕೊಳ್ಳುತ್ತದೆ.

ಕೋಬಾಲ್: ದತ್ತಾಂಶದಲ್ಲಿ ಜಾಣ, ಪೂರ್ಣವಿರಾಮದಲ್ಲಿ ಪೆದ್ದ

ಕೋಬಾಲನ್ನು ಗೇಲಿ ಮಾಡುವುದು ಪ್ರೋಗ್ರಾಮರ್‌ಗಳ ಹಳೆಯ ಚಾಳಿ. ಬಹುಪಾಲು ಗೇಲಿ ಅದರ ಉದ್ದುದ್ದ ಇಂಗ್ಲಿಷ್ ವಾಕ್ಯಗಳ ಮೇಲೆ. ಅದನ್ನು ಬದಿಗಿಟ್ಟು ಡೇಟಾ ಡಿವಿಷನ್ ನೋಡಿ. ಪ್ರತಿ ದಾಖಲೆಯ ಆಕಾರವನ್ನು ಅಲ್ಲಿ ಮೊದಲೇ, ಅಂಕಿ ಅಂಕಿ ಎಣಿಸಿ ಬರೆಯಬೇಕು. ಎಷ್ಟು ಅಂಕಿ, ದಶಮಾಂಶದ ಬಿಂದು ಎಲ್ಲಿ, ಯಾವುದರೊಳಗೆ ಯಾವುದು ಎಲ್ಲವೂ ಅಲ್ಲಿದೆ. ಒಂದು ದಾಖಲೆಯೊಳಗೆ ಇನ್ನೊಂದನ್ನು ಅಡಕ ಮಾಡುವ ಈ ಕಲ್ಪನೆ ಆಗಿನ ಫೋರ್ಟ್ರಾನಿನಲ್ಲೂ ಇಲ್ಲ, ಆಲ್ಗಾಲ್ 60ರಲ್ಲೂ ಇಲ್ಲ.

ಹಣದ ಲೆಕ್ಕಕ್ಕೆ ಇದು ಸಣ್ಣ ವಿಷಯವಲ್ಲ. ಬೈನರಿಯಲ್ಲಿ, ಅಂದರೆ 0 ಮತ್ತು 1 ಎರಡೇ ಅಂಕಿಗಳಲ್ಲಿ ಬರೆದಾಗ, 0.1 ಅನ್ನುವುದು ಕರಾರುವಾಕ್ಕಾಗಿ ಕೂರುವುದಿಲ್ಲ. ಇವತ್ತಿನ ಹಲವು ಭಾಷೆಗಳಲ್ಲಿ 0.1 ಅನ್ನು ಹತ್ತು ಸಲ ಕೂಡಿದರೆ 0.9999999999999999 ಬರುತ್ತದೆ. ಕೋಬಾಲ್ ಲೆಕ್ಕ ಮಾಡುವುದು ಹತ್ತರ ಅಂಕಿಗಳಲ್ಲೇ, ಹಾಗಾಗಿ ಒಂದು ಅಂದರೆ ಒಂದೇ. ಇನ್ನೊಂದು ಕೀರ್ತಿಯೂ ಅದಕ್ಕೆ ಸಲ್ಲಬೇಕು. 1960ರ ಡಿಸೆಂಬರಿನಲ್ಲಿ ಹೆಚ್ಚುಕಡಿಮೆ ಅದೇ ಪ್ರೋಗ್ರಾಮನ್ನು ಆರ್‌ಸಿಎ 501 ಮತ್ತು ಯುನಿವ್ಯಾಕ್ 2 ಅನ್ನುವ ಬೇರೆ ಬೇರೆ ಕಂಪನಿಯ ಯಂತ್ರಗಳ ಮೇಲೆ ಓಡಿಸಿ ತೋರಿಸಿದ್ದರು.

ಈಗ ಪೂರ್ಣವಿರಾಮಕ್ಕೆ ಬನ್ನಿ. ಕೋಬಾಲಿನಲ್ಲಿ ‘ಇಫ್’ ಎಲ್ಲಿ ಮುಗಿಯುತ್ತದೆ ಅಂತ ಹೇಳುತ್ತಿದ್ದದ್ದು ಒಂದು ಚುಕ್ಕೆ. ಅದರ ವಾಕ್ಯಗಳ ಧಾಟಿಯನ್ನು ಕನ್ನಡದಲ್ಲೇ ಹೇಳುವುದಾದರೆ:

ಬಾಕಿ ಮಿತಿ ಮೀರಿದ್ದರೆ
ದಂಡ ಸೇರಿಸು.
ಬಿಲ್ ಬರೆ.

ಎರಡನೇ ಸಾಲಿನ ಕೊನೆಯ ಚುಕ್ಕೆ ಬಿಟ್ಟುಹೋದರೆ ಮೂರನೇ ಸಾಲು ಕೂಡ ‘ಇದ್ದರೆ’ಯೊಳಗೆ ಸೇರುತ್ತದೆ. ಆಗ ಬಿಲ್ ಹೋಗುವುದು ಬಾಕಿ ಮಿತಿ ಮೀರಿದವರಿಗೆ ಮಾತ್ರ. ಉಳಿದವರಿಗೆ ಇಲ್ಲ. ಸಾಲುಗಳ ಜೋಡಣೆ ನೋಡಿದರೆ ಕಣ್ಣಿಗೆ ಎಲ್ಲ ಸರಿಯಾಗೇ ಕಾಣುತ್ತದೆ. ಕಂಪೈಲರಿಗೂ ಸರಿ. ಇದಕ್ಕೆ ‘ಎಂಡ್-ಇಫ್’ ಬಂದಿದ್ದು 1985ರ ಮಾನಕದಲ್ಲಿ, ಕಾಲು ಶತಮಾನದ ನಂತರ. ಸಾಲದ್ದಕ್ಕೆ, ಒಂದು ಪ್ರೋಗ್ರಾಮಿನ ವೇರಿಯಬಲ್‌ಗಳೆಲ್ಲ ಆ ಪ್ರೋಗ್ರಾಮಿನ ಯಾವ ಮೂಲೆಯಿಂದಲಾದರೂ ಕೈಗೆ ಸಿಗುತ್ತಿದ್ದವು. ‘ಆಲ್ಟರ್’ ಅನ್ನುವ ಆದೇಶವಂತೂ ದೂರದಲ್ಲಿರುವ ಒಂದು ‘ಗೋ ಟು’ ಎಲ್ಲಿಗೆ ಹೋಗಬೇಕು ಅನ್ನುವುದನ್ನೇ ಓಡುವಾಗ ಬದಲಿಸುತ್ತಿತ್ತು. ಅದರ ಪರವಾಗಿ ಹೇಳಲು ನನ್ನ ಹತ್ತಿರ ಏನೂ ಇಲ್ಲ.

ಬೇಸಿಕ್, ಪಾಸ್ಕಲ್ ಯಾಕಿಲ್ಲ?

ಬೇಸಿಕ್ 1964ರಲ್ಲಿ ಡಾರ್ಟ್‌ಮತ್ ಕಾಲೇಜಿನಲ್ಲಿ ಹುಟ್ಟಿದ್ದು, ಹೊಸಬರಿಗೆ ಕಂಪ್ಯೂಟರಿನ ಭಯ ಬಿಡಿಸಲು. ಆ ಕೆಲಸವನ್ನು ಚೆನ್ನಾಗಿ ಮಾಡಿತು. ವಿನ್ಯಾಸದ ದೃಷ್ಟಿಯಿಂದ ಅಗೆಯಲು ಹೆಚ್ಚೇನಿಲ್ಲ. ಪಾಸ್ಕಲ್ 1970ರದ್ದು, ಆಲ್ಗಾಲಿನ ವಂಶ. ಅರೇಯ ಉದ್ದವೂ ಅದರ ಬಗೆಯ ಭಾಗ ಅಂತ ಮಾಡಿದ್ದರಿಂದ, 10 ಅಂಕೆ ವಿಂಗಡಿಸುವ ಪ್ರೊಸೀಜರ್ 20 ಅಂಕೆಗೆ ನಡೆಯುತ್ತಿರಲಿಲ್ಲ. ಕಂಪೈಲರ್ ಎಲ್ಲವನ್ನೂ ಬಾಗಿಲಲ್ಲೇ ಹಿಡಿಯಬೇಕು ಅಂತ ಹಟ ಹಿಡಿದರೆ ಸರಿಯಾದದ್ದೂ ಒಳಗೆ ಬರುವುದಿಲ್ಲ ಅನ್ನುವುದಕ್ಕೆ ಅದೊಂದು ಒಳ್ಳೆಯ ಉದಾಹರಣೆ. ಆಲ್ಗಾಲ್ ಆರಿಸಿಕೊಂಡವರು ಮುಂದಿನ ಹೆಜ್ಜೆಯಾಗಿ ಇದನ್ನು ನೋಡಬಹುದು.

ಯಾರಿಗೆ ಯಾವುದು

ವಿನ್ಯಾಸದ ಬಗ್ಗೆ ಬರೆಯಬೇಕಾದವರು ಆಲ್ಗಾಲ್ 60 ತೆಗೆದುಕೊಳ್ಳಿ. ವರದಿ ಚಿಕ್ಕದು, ಇಡೀ ಭಾಷೆ ಒಂದು ತಲೆಯಲ್ಲಿ ಹಿಡಿಸುತ್ತದೆ. ಗುಣವೂ ದೋಷವೂ ಎರಡೂ ಗಟ್ಟಿಯಾಗಿವೆ. ಓಡಿಸಿ ನೋಡಲು, ಲಿಸ್ಪ್ ವಂಶದ ಭಾಷೆಯಾದ ರ‍್ಯಾಕೆಟ್ ಜೊತೆಗೆ ಆಲ್ಗಾಲ್ 60ರ ಒಂದು ರೂಪ ಸಿಗುತ್ತದೆ. ಆಲ್ಗಾಲನ್ನು ಸಿ ಭಾಷೆಗೆ ಇಳಿಸುವ ಮಾರ್ಸ್ಟ್ ಅನ್ನುವ ಉಚಿತ ಸಾಧನವೂ ಇದೆ.

ಕಲಿತದ್ದನ್ನು ದಿನನಿತ್ಯದ ಪ್ರೋಗ್ರಾಮಿಂಗಿಗೆ ತಿರುಗಿಸಿಕೊಳ್ಳಬೇಕು ಅನ್ನುವವರಿಗೆ ಲಿಸ್ಪ್. ಆದರೆ 1960ರ ಲಿಸ್ಪಿನಿಂದ ಶುರು ಮಾಡಬೇಡಿ. ಸ್ಕೀಮ್ ಕಲಿತು, ಆಮೇಲೆ ಹಿಂದಕ್ಕೆ ತಿರುಗಿ ನೋಡಿ. ಸ್ಕೋಪ್ ಬದಲಾದದ್ದು ಯಾಕೆ ಅಂತ ಆಗ ಸರಿಯಾಗಿ ಅರ್ಥವಾಗುತ್ತದೆ.

ಕೋಬಾಲನ್ನು ಕುತೂಹಲಕ್ಕಾಗಿ ಕಲಿಯಿರಿ ಅಂತ ನಾನು ಹೇಳುವುದಿಲ್ಲ. ಹಳೆಯ ವ್ಯವಸ್ಥೆಯೊಂದು ಕೈಗೆ ಬಂದಿದ್ದರೆ ಮಾತ್ರ ಹೋಗಿ. ಹೋದರೆ ಡೇಟಾ ಡಿವಿಷನ್ನಿನಿಂದ ಓದಲು ಶುರು ಮಾಡಿ. ಆದೇಶಗಳಿರುವ ಪ್ರೊಸೀಜರ್ ಡಿವಿಷನ್ನಿನಿಂದ ಶುರು ಮಾಡಿದವರು ‘ಗೋ ಟು’ಗಳಲ್ಲಿ ದಾರಿ ತಪ್ಪುತ್ತಾರೆ. ಗ್ನೂಕೋಬಾಲ್ ಅನ್ನುವ ಕಂಪೈಲರ್ ಉಚಿತವಾಗಿ ಸಿಗುತ್ತದೆ.

ಸಂಖ್ಯೆಗಳ ದೊಡ್ಡ ಲೆಕ್ಕ ನಿಮ್ಮ ಕೆಲಸವಾದರೆ ಫೋರ್ಟ್ರಾನ್. ಇಲ್ಲಿ ಇನ್ನೊಂದು ಅನುಕೂಲವಿದೆ: ಹಳೆಯದೂ ಹೊಸದೂ ಒಂದೇ ಕಂಪೈಲರಿನಲ್ಲಿ ಸಿಗುತ್ತವೆ. ಜಿಫೋರ್ಟ್ರಾನ್ ಅನ್ನುವ ಕಂಪೈಲರ್ ಹಾಕಿಕೊಂಡು ಮೇಲಿನ ‘ಡೂ 10 ಐ = 1.10’ ಸಾಲಿರುವ ಪುಟ್ಟ ಪ್ರೋಗ್ರಾಮ್ ಬರೆಯಿರಿ. ಮೊದಲು ಹಳೆಯ ಕಾಲಂ ಶೈಲಿಯಲ್ಲಿ ಓಡಿಸಿ, ತಪ್ಪು ಹಾಗೇ ಒಳಗೆ ಹೋಗುತ್ತದೆ. ಆಮೇಲೆ ಅದೇ ಫೈಲಿಗೆ ‘ಇಂಪ್ಲಿಸಿಟ್ ನನ್’ ಸೇರಿಸಿ, ‘ಡೂ10ಐ’ಗೆ ಬಗೆ ಹೇಳಿಲ್ಲ ಅಂತ ಕಂಪೈಲರ್ ತಕರಾರು ತೆಗೆಯುತ್ತದೆ. ಕೊನೆಗೆ ಅದನ್ನೇ 1990ರ ಮುಕ್ತ ಶೈಲಿಗೆ ಬದಲಿಸಿ. ಅಲ್ಲಿ ಖಾಲಿ ಜಾಗಕ್ಕೆ ಬೆಲೆ ಇದೆ, ಹಾಗಾಗಿ ಸಾಲು ವ್ಯಾಕರಣದಲ್ಲೇ ಬಿದ್ದುಹೋಗುತ್ತದೆ.